ಬಾರದ ಸಹಿ
ನಮ್ಮ ಹಳೆಯ ಕೆಂಪುಕಲ್ಲಿನ ಮನೆಗೆ ಮಹಡಿ ಏರಿಸಲು ನಾವು ಅಣ್ಣ ತಮ್ಮಂದಿರು ಹೊರಟಾಗ ಇಂಜಿನಿಯರ್ ನಕ್ಷೆಗೆ ಸಹಿ ಹಾಕಲಿಲ್ಲ. ‘ಈ ಪಾಯ ತಾಳದು’ ಎಂದರು. ನಮಗೆ ಸಿಟ್ಟು ಬಂತು. ಬೇರೊಬ್ಬರನ್ನು ಹುಡುಕಿದೆವು. ಜಾಗ ನೋಡದೆಯೇ ಸಹಿ ಹಾಕುವವರು ಸಿಕ್ಕಿದರು ಕೂಡಾ.

ಅಷ್ಟರಲ್ಲಿ, 2019ರ ಮಾರ್ಚ್ 19ರಂದು, ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿಯಿತು. 19 ಮಂದಿ ಸತ್ತರು. ಸುದ್ದಿ ನೋಡುತ್ತಿದ್ದ ಅಮ್ಮ, ‘ನಮ್ಮ ಮಹಡಿಯಲ್ಲಿ ಮಲಗುವ ಮಕ್ಕಳು ಯಾರು?’ ಎಂದಷ್ಟೇ ಕೇಳಿದರು.

ಮೊದಲಿನವರ ಬಳಿಗೇ ಮರಳಿದೆವು. ಹಿತ್ತಿಲಲ್ಲಿ ಹೊಸ ಪಾಯ ಹಾಕಿಸಿ, ಕೆಡವಿದ ಕೊಟ್ಟಿಗೆಯ ಕಲ್ಲು, ಹಂಚುಗಳಿಂದಲೇ ಅವರು ಎರಡು ಕೋಣೆ ಕಟ್ಟಿಸಿಕೊಟ್ಟರು. ಖರ್ಚೂ ಇಳಿಯಿತು.

ಕಟ್ಟುವವರ ಹೊಣೆಯ ಬಗ್ಗೆ ನಾವೆಲ್ಲ ಮಾತನಾಡುತ್ತೇವೆ. ಆದರೆ ‘ಆಗದು’ ಎಂದವರನ್ನು ಬಿಟ್ಟು ‘ಆಗಲಿ’ ಎನ್ನುವವರನ್ನು ಹುಡುಕಿ ಹೊರಟವರು ನಾವೇ ಅಲ್ಲವೇ?