ತಾತನ ಹೆಗಲ ಮೇಲಿನ ಕೈ

ನನ್ನ ಮೊಬೈಲಿನಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಫೋಟೋಗಳಿವೆ. ಆಫೀಸಿನವರ ಜೊತೆ ಟ್ರಿಪ್ಪು ಹೋಗಿದ್ದು, ಮಸಾಲೆ ದೋಸೆ, ಮೀಟಿಂಗಿನಲ್ಲಿ ಬೋರ್ಡಿನ ಮೇಲೆ ಗೀಚಿದ್ದು, ಕರೆಂಟ್ ಬಿಲ್ಲು... ಎಲ್ಲಾ ಇದೆ. 2022ರಲ್ಲಿ ತಾತ ತೀರಿಕೊಂಡಾಗ ಹನ್ನೊಂದನೇ ದಿನಕ್ಕೆ ಇಡೋಕೆ ಒಂದು ಫೋಟೋ ಬೇಕಾಯ್ತು. ಅರಸೀಕೆರೆ ಮನೆ ಜಗಲಿ ಮೇಲೆ ಕೂತು ಅಷ್ಟನ್ನೂ ತಡಕಿದೆ. ತಾತ ಸಿಕ್ಕಿದ್ದು ನಾಲ್ಕೇ ಕಡೆ. ಎರಡು ವಿಡಿಯೋ ಕಾಲಿನ ಸ್ಕ್ರೀನ್‌ಶಾಟು (ಒಂದರಲ್ಲಿ ಬರೀ ಹಣೆ, ಮೇಲೆ ಫ್ಯಾನು), ಒಂದು ಮದುವೆ ಊಟದ ಪಂಕ್ತಿಯಲ್ಲಿ ತಲೆ ಬಗ್ಗಿಸಿರೋದು, ಇನ್ನೊಂದು ನನ್ನದೇ ಸೆಲ್ಫಿಯ ಹಿಂದೆ ಮಬ್ಬಾಗಿ ಕಾಯಿ ಸುಲೀತಾ ಇರೋದು.

ಕೊನೆಗೆ ಅಜ್ಜಿ ಟ್ರಂಕಿನಿಂದ ಒಂದು ಫೋಟೋ ತೆಗೆದುಕೊಟ್ಟಳು.

1998ರದ್ದು. ನನಗಾಗ ಒಂದು ವರ್ಷ. ಮನೆಯವರೆಲ್ಲಾ ಜಾವಗಲ್ ಮೇಲೆ (ಹೌದು, ನಮ್ಮ ಶ್ರೀನಾಥ್ ಹೆಸರಿನ ಹಿಂದಿರೋ ಜಾವಗಲ್ಲೇ) ಬಸ್ಸಿನಲ್ಲಿ ಹಳೇಬೀಡಿಗೆ ಹೋಗಿ, ಅಲ್ಲಿಂದ ಬೇಲೂರು ನೋಡಿಕೊಂಡು ಬಂದಿದ್ದರಂತೆ. ಹಳೇಬೀಡಿನಲ್ಲಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡಿದ್ದ ಒಬ್ಬ ಗಂಟುಬಿದ್ದು, ದೊಡ್ಡ ನಂದಿ ಮುಂದೆ ಎಲ್ಲರನ್ನೂ ಕೂರಿಸಿ ಒಂದೇ ಒಂದು ಸಲ ಕ್ಲಿಕ್ ಮಾಡಿದ. ದುಡ್ಡು ಇಸ್ಕೊಂಡು, ವಿಳಾಸ ಬರ್ಕೊಂಡು, ಪೋಸ್ಟಲ್ಲಿ ಕಳಿಸ್ತೀನಿ ಅಂದ. "ಹೋಯ್ತು ದುಡ್ಡು" ಅಂತ ಅಪ್ಪ ದಾರಿಯುದ್ದಕ್ಕೂ ಬೈದರಂತೆ. ತಿಂಗಳಾದ ಮೇಲೆ ಫೋಟೋ ಬಂತು!

ಅದರಲ್ಲಿ ಅಪ್ಪ ಬಿಗಿದುಕೊಂಡು ನಿಂತಿದ್ದಾರೆ. ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ಇದ್ದಾಳೆ. ಅತ್ತೆ ಕಣ್ಣು ಮುಚ್ಚಿದ್ದಾಳೆ. ತಾತ ಮೆಟ್ಟಿಲ ಮೇಲೆ ಕೂತಿದ್ದಾರೆ, ಅವರ ತೊಡೆ ಮೇಲೆ ನಾನು ನಿಂತಿದ್ದೀನಿ.

ಕ್ಯಾಮೆರಾಗೂ ಹಳೇಬೀಡಿಗೂ ಬಹಳ ಹಳೇ ನಂಟು. ರಿಚರ್ಡ್ ಬ್ಯಾನರ್ ಓಕ್ಲಿ ಅನ್ನೋ ಬ್ರಿಟಿಷ್ ಸೇನಾಧಿಕಾರಿ ಇಲ್ಲಿನ ದೇವಸ್ಥಾನದ ಫೋಟೋ ತೆಗೆದು, 56 ಚಿತ್ರಗಳ ಪುಸ್ತಕವನ್ನು 1859ರಲ್ಲೇ ಲಂಡನ್ನಿನಲ್ಲಿ ತಂದಿದ್ದ. ಆ ಕಲ್ಲಿಗೆ ಸಿಕ್ಕ ಭಾಗ್ಯ ನಮ್ಮಜ್ಜಿಯ ಅಮ್ಮನಿಗೆ ಸಿಗಲಿಲ್ಲ ನೋಡಿ. ಅವರದ್ದು ಒಂದೂ ಫೋಟೋ ಇಲ್ಲ. "ನಿಂದೇ ಮೂಗು ಕಣೋ ಅವ್ಳಿಗೂ" ಅಂತಾಳೆ ಅಜ್ಜಿ. ಉಳಿದಿರೋದು ಅಷ್ಟೇ. ನಮ್ಮ ಫೋಟೋ ತೆಗೆದವನ ಹೆಸರೂ ಗೊತ್ತಿಲ್ಲ. ಬೇಲೂರಿನ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಕೆಳಗೆ ಹೆಸರು ಕೆತ್ತಿದ್ದು ಒಂಬೈನೂರು ವರ್ಷವಾದರೂ ಇದೆ. ಇವನು ಹಿಂದೆ ಒತ್ತಿದ್ದ ರಬ್ಬರ್ ಸ್ಟಾಂಪು ಯಾರ ಎಣ್ಣೆ ಕೈಗೋ ಅಳಿಸಿಹೋಗಿದೆ.

ಫೋಟೋ ತಗೊಂಡು ಸ್ಟುಡಿಯೋಗೆ ಓಡಿದೆ. ಹುಡುಗ ಸ್ಕ್ಯಾನ್ ಮಾಡಿ ತಾತನ ಮುಖ ದೊಡ್ಡದು ಮಾಡಿದ. ಅಪ್ಪ, ಅಮ್ಮ, ಅತ್ತೆ, ಅಜ್ಜಿ, ನಂದಿ ಎಲ್ಲಾ ಆಚೆ ಹೋದರು. ಆದರೆ ಹೆಗಲ ಮೇಲೆ ಒಂದು ಪುಟ್ಟ ಕೈ ಮಾತ್ರ ಉಳಿದುಬಿಟ್ಟಿತು, ಮುಷ್ಟಿಯಲ್ಲಿ ಟವೆಲ್ಲಿನ ಅಂಚು. "ತೆಗೀಲಾ ಸಾರ್, ಎರಡು ನಿಮಿಷ" ಅಂದ. ಇದು ನನಗೂ ಗೊತ್ತಿರೋ ಕೆಲಸವೇ ಅಲ್ವಾ, ಪಕ್ಕದಲ್ಲಿ ಕೂತು ಹೇಗೆ ತೆಗೆಯೋದು ಅಂತ ಹೇಳಿಕೊಡೋಕೆ ಬೇರೆ ಹೋದೆ. ಚೆನ್ನಾಗಿಯೇ ಅಳಿಸಿದ. ಗುರುತೇ ಇಲ್ಲ.

ಮನೆಗೆ ತಂದು ತೋರಿಸಿದರೆ ಅಜ್ಜಿ ಮುಖ ನೋಡಲಿಲ್ಲ, ಹೆಗಲು ನೋಡಿದಳು.

"ಇಲ್ಲೊಂದು ಕೈ ಇತ್ತಲ್ಲೋ?"

"ಅಳಿಸಿಬಿಟ್ವಿ ಅಜ್ಜಿ, ಚೆನ್ನಾಗಿ ಕಾಣ್ತಿರಲಿಲ್ಲ."

"ಅದು ನಿಂದೇ ಕಣೋ."

ನನಗೆ ಏನು ಹೇಳಬೇಕೋ ತಿಳೀಲಿಲ್ಲ. ಮತ್ತೆ ಸ್ಟುಡಿಯೋಗೆ ಹೋದೆ. ಹುಡುಗ ವಿಚಿತ್ರವಾಗಿ ನೋಡಿದ, ಆದರೂ ಕೈ ಸಮೇತ ಇನ್ನೊಂದು ಪ್ರಿಂಟು ಹಾಕಿಕೊಟ್ಟ. ಈಗ ನಡುಮನೆಯಲ್ಲಿ ಹಾರ ಹಾಕಿಸಿಕೊಂಡಿರೋದು ಅದೇ. ಬಂದವರೆಲ್ಲಾ "ಅದ್ಯಾರ ಕೈ?" ಅಂತ ಕೇಳ್ತಾರೆ. ಅಜ್ಜಿಗೆ ಹೇಳೋಕೆ ಒಂದು ನೆಪ.

ಕಳೆದ ದೀಪಾವಳಿಗೆ ಮತ್ತೆ ಅದೇ ನಂದಿ ಮುಂದೆ ಎಲ್ಲರದ್ದೂ ತೆಗೆಸೋಣ ಅಂದುಕೊಂಡೆ. 2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೋ ಪಟ್ಟಿ ಸೇರಿದವಲ್ಲ, ಆಮೇಲೆ ನಾನೂ ಹೋಗಿರಲಿಲ್ಲ. ಅಜ್ಜಿಯ ಮಂಡಿ ಒಪ್ಪಲಿಲ್ಲ. ಊರಿನ ಸ್ಟುಡಿಯೋಗೇ ಆಟೋದಲ್ಲಿ ಹೋದೆವು. ಎಲ್ಲರದ್ದೂ ಮುಗಿದ ಮೇಲೆ ಫೋಟೋಗ್ರಾಫರ್ "ಅಜ್ಜೀದು ಒಂದು ಸಿಂಗಲ್ ತೆಗೆದುಬಿಡ್ಲಾ?" ಅಂದ. ಯಾಕೆ ಕೇಳ್ತಿದ್ದಾನೆ ಅಂತ ಎಲ್ಲರಿಗೂ ಗೊತ್ತಾಯ್ತು. ಯಾರೂ ಮಾತಾಡಲಿಲ್ಲ.

ಅಜ್ಜಿಯೇ ಅಂದಳು: "ಒಬ್ಳೇ ಯಾಕಪ್ಪಾ ಕೂರ್ಲಿ? ಬೇಕಾದಾಗ ಇದ್ರಲ್ಲೇ ಕತ್ತರಿಸ್ಕೊಳ್ಳಿ ಬಿಡಿ."

ಐದು ಪ್ರಿಂಟು ಹಾಕಿಸಿದ್ದೀನಿ. ಅತ್ತೆ ಇದರಲ್ಲೂ ಕಣ್ಣು ಮುಚ್ಚಿದ್ದಾಳೆ.