ಗೌರವ ತಮಿಳಿಗೆ, ಭರವಸೆ ಇಂಗ್ಲಿಷಿಗೆ

ಭಾಷಾಭಿಮಾನದ ಮಾತು ಬಂದಾಗಲೆಲ್ಲ ನಾವು ಕನ್ನಡಿಗರು ತಮಿಳುನಾಡಿನತ್ತ ಬೆರಳು ತೋರಿಸುತ್ತೇವೆ. ಅವರನ್ನು ನೋಡಿ ಕಲಿಯಬೇಕು ಎನ್ನುವ ಮಾತನ್ನು ರಾಜ್ಯೋತ್ಸವದ ವೇದಿಕೆಗಳಲ್ಲಿ ಎಷ್ಟು ಸಲ ಕೇಳಿಲ್ಲ! ಆ ಅಭಿಮಾನ ಸುಳ್ಳಲ್ಲ. 1965ರಲ್ಲಿ ಹಿಂದಿ ಹೇರಿಕೆಯ ವಿರುದ್ಧ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದರು, ತಮಿಳಿಗಾಗಿ ಜೀವ ಕೊಟ್ಟವರೂ ಇದ್ದರು. ಎರಡೇ ವರ್ಷಕ್ಕೆ ಸರ್ಕಾರ ಬದಲಾಯಿತು. 1968ರಲ್ಲಿ ಅಣ್ಣಾದುರೈ ಸರ್ಕಾರ ಶಾಲೆಗಳಿಗೆ ತಮಿಳು ಮತ್ತು ಇಂಗ್ಲಿಷ್ ಎಂಬ ದ್ವಿಭಾಷಾ ನೀತಿಯನ್ನು ತಂದಿತು. 2004ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಮೊದಲು ಸಿಕ್ಕಿದ್ದೂ ತಮಿಳಿಗೇ. ಇಷ್ಟೆಲ್ಲ ಆದ ಅದೇ ನಾಡಿನಲ್ಲಿ, ದಿನಗೂಲಿಯ ಮನೆಯವರು ಕೂಡ ಸಾಲ ಮಾಡಿಯಾದರೂ ಮಗುವನ್ನು ಇಂಗ್ಲಿಷ್ ಮಾಧ್ಯಮದ ಖಾಸಗಿ ಮೆಟ್ರಿಕ್ಯುಲೇಷನ್ ಶಾಲೆಗೆ ಸೇರಿಸುತ್ತಾರೆ. ಇದನ್ನು ಆಷಾಢಭೂತಿತನ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ಅನ್ಯಾಯ. ಆ ತಂದೆತಾಯಂದಿರಿಗೆ ತಮಿಳಿನ ಮೇಲೆ ಪ್ರೀತಿ ಕಡಿಮೆಯಾಗಿಲ್ಲ. ತಮಿಳು ತಮ್ಮ ಮಗುವಿಗೆ ಅನ್ನ ಕೊಡುತ್ತದೆ ಎಂಬ ನಂಬಿಕೆ ಮಾತ್ರ ಅವರಲ್ಲಿ ಉಳಿದಿಲ್ಲ. ಆ ನಂಬಿಕೆ ಭಾಷಣದಿಂದ ಹುಟ್ಟುವಂಥದ್ದಲ್ಲ. ಭಾಷೆಗೆ ನಾವು ಒಪ್ಪಿಸುವ ಕೆಲಸದಿಂದ ಹುಟ್ಟುವಂಥದ್ದು.

ಸರ್ಕಾರಗಳು ಪ್ರಯತ್ನಿಸಲಿಲ್ಲ ಎನ್ನುವಂತಿಲ್ಲ. ಐದನೇ ತರಗತಿಯವರೆಗೆ ತಮಿಳು ಅಥವಾ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು 1999ರಲ್ಲಿ ಕರುಣಾನಿಧಿ ಸರ್ಕಾರ ಆದೇಶ ಹೊರಡಿಸಿತು. ಮರುವರ್ಷ ಮದ್ರಾಸ್ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮಾಧ್ಯಮ ಕೈತಪ್ಪಿದ ಮೇಲೆ 2006ರ ಕಾಯ್ದೆ ತಮಿಳನ್ನು ವಿಷಯವಾಗಿಯಾದರೂ ಒಂದನೇ ತರಗತಿಯಿಂದ ಹಂತಹಂತವಾಗಿ ಕಡ್ಡಾಯಗೊಳಿಸಿತು. 2010ರಲ್ಲಿ ತಮಿಳು ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ಸರ್ಕಾರಿ ನೌಕರಿಯಲ್ಲಿ ಶೇ. 20 ಮೀಸಲಾತಿ ಬಂತು. ಇನ್ನೆರಡು ವರ್ಷ ಕಳೆಯುವಷ್ಟರಲ್ಲಿ ಜಯಲಲಿತಾ ಸರ್ಕಾರ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯತೊಡಗಿತು. ಕರ್ನಾಟಕ ನಡೆದ ದಾರಿಯೂ ಇದೇ. 1994ರ ನಮ್ಮ ಭಾಷಾ ನೀತಿ 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಿತ್ತು, 2015ರಲ್ಲಿ ಕನ್ನಡ ಕಲಿಕಾ ಕಾಯ್ದೆ ಬಂತು, 2019ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ಎರಡು ರಾಜ್ಯಗಳು, ಬೇರೆ ಬೇರೆ ರಾಜಕಾರಣ, ಆದರೂ ಬಂದು ನಿಂತದ್ದು ಒಂದೇ ಕಡೆ. ಹಾಗಾದರೆ ಕಾರಣವನ್ನು ಅಭಿಮಾನದ ಹೆಚ್ಚು ಕಡಿಮೆಯಲ್ಲಿ ಹುಡುಕುವುದು ವ್ಯರ್ಥ.

ತಂದೆತಾಯಿ ಹಾಕುವ ಲೆಕ್ಕವನ್ನೇ ನೋಡೋಣ. ಮಗ ಹನ್ನೆರಡನೇ ತರಗತಿಯವರೆಗೆ ತಮಿಳಿನಲ್ಲಿ ಓದಬಹುದು. ಈಗ ವೈದ್ಯಕೀಯ ಪ್ರವೇಶಕ್ಕೆ ನೀಟ್ ಪರೀಕ್ಷೆಯನ್ನೂ ತಮಿಳಿನಲ್ಲಿ ಬರೆಯಬಹುದು. ಆದರೆ ಪರೀಕ್ಷೆ ಪಾಸಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ದಿನದಿಂದ ಪಾಠ, ಪುಸ್ತಕ, ಪ್ರಯೋಗಾಲಯ, ಮೌಖಿಕ ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ. 2010ರಲ್ಲಿ ಅಣ್ಣಾ ವಿಶ್ವವಿದ್ಯಾಲಯ ಸಿವಿಲ್ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗನ್ನು ತಮಿಳು ಮಾಧ್ಯಮದಲ್ಲೂ ಆರಂಭಿಸಿತು. ಆ ಪದವಿ ಹಿಡಿದು ಹೊರಟವನು ಶ್ರೀಪೆರುಂಬುದೂರಿನ ಕಾರ್ಖಾನೆಯಲ್ಲೋ ಚೆನ್ನೈಯ ಸಾಫ್ಟ್‌ವೇರ್ ಕಂಪನಿಯಲ್ಲೋ ಸಂದರ್ಶನಕ್ಕೆ ಕೂತರೆ ಎದುರಿನವರು ಯಾವ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಾರೆ ಎಂಬುದು ಹೆತ್ತವರಿಗೆ ಗೊತ್ತು. ಶೇ. 20 ಮೀಸಲಾತಿ ಸರ್ಕಾರಿ ನೌಕರಿಗೆ ಮಾತ್ರ. ಆ ನೌಕರಿಗಳೋ ಬೆರಳೆಣಿಕೆಯವು. ಭಾಷೆಯ ಪರವಾಗಿ ಮಾತಾಡುವ ಮಂತ್ರಿ, ಅಧಿಕಾರಿ, ಪ್ರಾಧ್ಯಾಪಕರ ಮಕ್ಕಳು ಎಲ್ಲಿ ಓದುತ್ತಾರೆ ಎಂಬುದೂ ಊರಿಗೆಲ್ಲ ತಿಳಿದದ್ದೇ. ಇದನ್ನೆಲ್ಲ ಕಣ್ಣಾರೆ ಕಂಡ ತಾಯಿಯೊಬ್ಬಳು ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಅವಳು ವ್ಯಾಮೋಹಕ್ಕೆ ಬಿದ್ದಿದ್ದಾಳೆ ಎನ್ನಲು ನಮಗೆ ಯಾವ ಹಕ್ಕಿದೆ? ತನ್ನ ಕಣ್ಣೆದುರಿನ ಸಾಕ್ಷ್ಯವನ್ನು ಅವಳು ಸರಿಯಾಗಿಯೇ ಓದಿದ್ದಾಳೆ.

ಮಕ್ಕಳ ಮನಸ್ಸು ರೂಪುಗೊಳ್ಳುವುದು ಶಾಲೆಯೊಳಗೆ. ತಮಿಳುನಾಡಿನ ಶಾಲೆಗಳಲ್ಲಿ ಗಣಿತ, ವಿಜ್ಞಾನದವರು ‘ಸಾರ್’, ‘ಮಿಸ್’ ಆದರೆ ತಮಿಳು ಪಾಠದವರು ‘ತಮಿಳ್ ಅಯ್ಯಾ’. ಆ ಕರೆಯಲ್ಲಿ ಅಕ್ಕರೆಯಿದೆ, ಮರ್ಯಾದೆಯೂ ಇದೆ. ಜೊತೆಗೆ ಅವರು ಬೇರೊಂದು ಲೋಕದವರು ಎಂಬ ಸಣ್ಣ ಅಂತರವೂ ಇದೆ. ತಮಿಳು ಪುಸ್ತಕದ ಪದ್ಯಗಳಲ್ಲಿ ಕೆಲವಕ್ಕೆ ‘ಮನಪ್ಪಾಡ’ ಎಂಬ ಗುರುತಿರುತ್ತದೆ, ಅವುಗಳನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕು. ತಿರುಕ್ಕುರಳನ್ನು ಹೀಗೆ ನಾಲಗೆಯ ಮೇಲೆ ಇಟ್ಟುಕೊಂಡು ಬೆಳೆಯುವುದು ದೊಡ್ಡ ಭಾಗ್ಯ, ಅದನ್ನು ಕಡೆಗಣಿಸುವಂತಿಲ್ಲ. ಆದರೆ ನೀರು ಏಕೆ ಕುದಿಯುತ್ತದೆ, ಬಡ್ಡಿ ಹೇಗೆ ಬೆಳೆಯುತ್ತದೆ ಎಂದು ಯೋಚಿಸಲು ತಮಿಳು ಬೇಕಾಗುತ್ತದೆ ಎಂಬ ಅನುಭವ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಆಗುವುದೇ ಇಲ್ಲ. ಇನ್ನೊಂದು ತೊಡಕಿದೆ. ಪುಸ್ತಕದ ಸೆಂದಮಿಳಿಗೂ ಮನೆಯ ಆಡುನುಡಿಗೂ ತಮಿಳಿನಲ್ಲಿರುವ ದೂರ ಕನ್ನಡದಲ್ಲಿರುವುದಕ್ಕಿಂತ ಹೆಚ್ಚು. ಅಮ್ಮನ ಬಾಯಿಂದ ಕಲಿತ ರೂಪವನ್ನು ಬರೆದರೆ ಕೆಂಪು ಗೆರೆ ಬೀಳುತ್ತದೆ. ಹೀಗೆ ಸ್ವಂತ ಭಾಷೆಯೇ ಕಷ್ಟದ ಸಬ್ಜೆಕ್ಟ್ ಆಗುತ್ತದೆ. ಹತ್ತನೇ ತರಗತಿ ಮುಗಿದು ತಮಿಳಿನ ಕಡ್ಡಾಯ ತೀರಿದ ಕೂಡಲೇ ಅಂಕ ಹೆಚ್ಚು ಬರುತ್ತದೆಂದು ಫ್ರೆಂಚ್ ಆರಿಸಿಕೊಳ್ಳುವ ಮಕ್ಕಳು ಬಹಳ. ಇದೇ ಕಾರಣಕ್ಕೆ ಸಂಸ್ಕೃತ ತೆಗೆದುಕೊಳ್ಳುವ ನಮ್ಮ ಪಿಯುಸಿ ಮಕ್ಕಳಂತೆ ಅವರೂ ಭಾಷಾದ್ವೇಷಿಗಳಲ್ಲ. ಶಾಲೆ ಕಲಿಸಿದ ಲೆಕ್ಕವನ್ನೇ ಅವರು ಮಾಡುತ್ತಿದ್ದಾರೆ.

ಕಾನೂನು ಬಿಗಿಯಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಸಿಂಗಪುರವನ್ನು ನೋಡಬೇಕು. ಅಲ್ಲಿ ತಮಿಳು ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದ ಜೊತೆಗೆ ಮಾತೃಭಾಷೆಯೂ ಕಡ್ಡಾಯ. 1935ರಿಂದ ನಡೆದುಬಂದ ‘ತಮಿಳ್ ಮುರಸು’ ಪತ್ರಿಕೆಯಿದೆ, ತಮಿಳು ವಾಹಿನಿಯಿದೆ, ಪ್ರತಿ ಏಪ್ರಿಲ್‌ನಲ್ಲಿ ತಮಿಳು ಹಬ್ಬವೂ ನಡೆಯುತ್ತದೆ. ಹಾಗಿದ್ದೂ ಅಲ್ಲಿನ ಭಾರತೀಯ ಮೂಲದವರಲ್ಲಿ ಮನೆಯಲ್ಲಿ ಹೆಚ್ಚಾಗಿ ತಮಿಳು ಆಡುವವರು 2010ರ ಜನಗಣತಿಯಲ್ಲಿ ಸುಮಾರು ಶೇ. 37ರಷ್ಟಿದ್ದವರು 2020ರ ಹೊತ್ತಿಗೆ ಶೇ. 28ರ ಆಸುಪಾಸಿಗೆ ಇಳಿದರು. ಗೌರವ, ಹಣ, ಕಾನೂನು ಎಲ್ಲ ಇದ್ದರೂ ಬದುಕಿನ ಮುಖ್ಯ ಕೆಲಸಗಳು ಇಂಗ್ಲಿಷಿನಲ್ಲೇ ನಡೆದರೆ ಭಾಷೆ ಅಡುಗೆಮನೆಯಿಂದಲೂ ಹಿಂದೆ ಸರಿಯುತ್ತದೆ. ಇದನ್ನು ಕಂಡುಕೊಂಡೇ ಅಲ್ಲಿನ ಪಠ್ಯಕ್ರಮ ಸಮಿತಿ 2005ರಲ್ಲಿ ಆಡುಮಾತಿನ ತಮಿಳನ್ನು ತರಗತಿಯೊಳಗೆ ಬಿಟ್ಟುಕೊಳ್ಳಲು ಸಲಹೆ ಕೊಟ್ಟಿತು. ಕನಿಷ್ಠ ಮಾತಿನ ಕೆಲಸವನ್ನಾದರೂ ಭಾಷೆಗೆ ಮರಳಿಸುವ ವಿವೇಕ ಅದು.

ಹೆತ್ತವರ ಲೆಕ್ಕ ಸರಿಯೆಂದ ಮೇಲೆ ಇಂಗ್ಲಿಷ್ ಮಾಧ್ಯಮಕ್ಕೆ ತಕರಾರೇಕೆ ಎಂದು ಕೇಳಬಹುದು. ಹೆತ್ತವರು ಬಯಸುವುದು ಇಂಗ್ಲಿಷನ್ನು. ಅವರಿಗೆ ಸಿಗುತ್ತಿರುವುದು ಇಂಗ್ಲಿಷ್ ಮಾಧ್ಯಮ. ಇವೆರಡೂ ಒಂದೇ ಅಲ್ಲ. ಸಣ್ಣ ಊರಿನ ಸಾಧಾರಣ ಶಾಲೆಯ ವಿಜ್ಞಾನದ ಪೀರಿಯಡ್ ಹೇಗಿರುತ್ತದೆ? ಟೀಚರ್ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಓದುತ್ತಾರೆ, ತಮಿಳಿನಲ್ಲಿ ವಿವರಿಸುತ್ತಾರೆ, ಕೊನೆಗೆ ಗೈಡಿನಲ್ಲಿರುವ ಉತ್ತರಕ್ಕೆ ಗೆರೆ ಎಳೆಸುತ್ತಾರೆ. ಮಗು ಸಂಜೆ ಟ್ಯೂಷನ್ನಿನಲ್ಲಿ ಅದೇ ಉತ್ತರವನ್ನು ಉರುಹೊಡೆಯುತ್ತದೆ. ಅರ್ಥವಾದದ್ದು ತಮಿಳಿನಲ್ಲಿ, ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಅರ್ಥವಾದದ್ದನ್ನು ಬರೆಯುವ ಅವಕಾಶ ಎರಡರಲ್ಲೂ ಇಲ್ಲ. ಮಾಧ್ಯಮ ಬದಲಿಸದೆಯೇ ಇಂಗ್ಲಿಷನ್ನು ಚೆನ್ನಾಗಿ ಕಲಿಸಬಹುದೆಂಬುದಕ್ಕೆ ನಮ್ಮಲ್ಲೇ ದಾರಿ ತೋರಿದವರಿದ್ದರು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸ್ ಮೊದಲಾದ ಕಡೆಯ ಕೆಲವು ಶಾಲೆಗಳಲ್ಲಿ, ವ್ಯಾಕರಣವನ್ನು ಉರುಹೊಡೆಸದೆ, ನಕ್ಷೆ ನೋಡಿ ದಾರಿ ಹೇಳುವುದು, ರೈಲಿನ ವೇಳಾಪಟ್ಟಿ ಓದುವುದು ಇಂಥ ಚಟುವಟಿಕೆಗಳ ಮೂಲಕ ಇಂಗ್ಲಿಷ್ ಕಲಿಸುವ ಪ್ರಯೋಗ ನಡೆಸಿದರು. ಜಗತ್ತಿನ ಭಾಷಾ ಬೋಧಕರು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಇಂದಿಗೂ ಓದುವ ಆ ಪ್ರಯೋಗವನ್ನು ನಮ್ಮ ಸರ್ಕಾರಿ ಶಾಲೆಗಳು ಮುಂದುವರಿಸಲಿಲ್ಲ. ಕೆಲಸ ಕೊಟ್ಟಾಗ ಭಾಷೆ ಬರುತ್ತದೆ ಎಂಬ ಅದರ ತಿರುಳು ಇಂಗ್ಲಿಷಿಗೆ ಎಷ್ಟು ನಿಜವೋ ತಮಿಳಿಗೂ ಕನ್ನಡಕ್ಕೂ ಅಷ್ಟೇ ನಿಜ.

ಇನ್ನೂ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಮೊದಲನೆಯದು ದಲಿತ ಮತ್ತು ಹಿಂದುಳಿದ ಸಮುದಾಯಗಳಿಂದ ಬರುವಂಥದ್ದು: ಮೇಲಿನವರು ಇಂಗ್ಲಿಷಿನಿಂದ ಬೆಳೆದು ನಮ್ಮ ಮಕ್ಕಳಿಗೆ ಮಾತ್ರ ಮಾತೃಭಾಷೆಯ ಉಪದೇಶ ಮಾಡುತ್ತಾರೆ ಎಂಬ ದೂರು. ಇದು ನ್ಯಾಯವಾದ ದೂರು. ಇದಕ್ಕೆ ಕಲಾಂ, ಮೈಲ್‌ಸ್ವಾಮಿ ಅಣ್ಣಾದುರೈ, ಕೆ. ಶಿವನ್ ಅವರಂಥ ವಿಜ್ಞಾನಿಗಳು ತಮಿಳಿನಲ್ಲೇ ಓದಿ ಬೆಳೆದರಲ್ಲ ಎಂದು ಉತ್ತರಿಸಿದರೆ ಸಾಲದು. ಅಸಾಧಾರಣರ ಬದುಕನ್ನು ತೋರಿಸಿ ಸಾಧಾರಣ ಮಗುವಿಗೆ ದಾರಿ ಹೇಳಲಾಗದು. ಬಡ ಮಗುವಿಗೆ ಇಂಗ್ಲಿಷ್ ಖಂಡಿತ ಬೇಕು, ಅದೂ ಒಳ್ಳೆಯ ಇಂಗ್ಲಿಷ್ ಬೇಕು. ಎರಡನೆಯ ಆಕ್ಷೇಪ ತಮಿಳುನಾಡಿನ ಗಡಿಯ ಹೊಸೂರು, ತಾಳವಾಡಿಯ ಕನ್ನಡ, ತೆಲುಗು ಮನೆಗಳದ್ದು: ತಮಿಳಿಗೆ ಕೆಲಸ ಕೊಡುವ ಭರದಲ್ಲಿ ನಮ್ಮ ಮಾತನ್ನು ಮರೆತರೆ ಏನು ಗತಿ? ತಮಿಳಿಗಾಗಿ ಮಾಡುವ ವಾದ ಪ್ರಾಮಾಣಿಕವಾಗಿದ್ದರೆ ಅದು ಆ ಮಕ್ಕಳ ಕನ್ನಡಕ್ಕೂ ಅನ್ವಯಿಸಬೇಕು, ಬೆಂಗಳೂರಿನ ತಮಿಳು ಮಕ್ಕಳ ತಮಿಳಿಗೂ ಅನ್ವಯಿಸಬೇಕು.

ಆದ್ದರಿಂದ ಹೆತ್ತವರನ್ನು ದೂರುವುದನ್ನು ಬಿಟ್ಟು ನಾವು ಕೇಳಬೇಕಾದದ್ದು ಬೇರೆ. ಪ್ರತಿ ಸರ್ಕಾರಿ ಶಾಲೆಯಲ್ಲೂ ಇಂಗ್ಲಿಷ್ ಆಡಬಲ್ಲ, ಕಲಿಸಬಲ್ಲ ಶಿಕ್ಷಕರಿರಲಿ. ವಿಜ್ಞಾನದ ಪರೀಕ್ಷೆಯಲ್ಲಿ ಮಗು ಎರಡು ಭಾಷೆಗಳಲ್ಲಿ ಯಾವುದರಲ್ಲಾದರೂ, ಬೆರೆಸಿಯಾದರೂ ಉತ್ತರಿಸಲಿ. ಕಾಲೇಜಿನ ಮೊದಲ ವರ್ಷಗಳ ಪುಸ್ತಕಗಳು ಎರಡೂ ಭಾಷೆಗಳಲ್ಲಿ ಅಕ್ಕಪಕ್ಕದಲ್ಲಿ ಸಿಗಲಿ. ಆಸ್ಪತ್ರೆಯ ಚೀಟಿ, ಬ್ಯಾಂಕಿನ ಅರ್ಜಿ, ಕೋರ್ಟಿನ ತೀರ್ಪು ಜನರ ಭಾಷೆಯಲ್ಲಿ ಬರಲಿ. ಅವನ್ನು ಬರೆಯಬಲ್ಲವರಿಗೆ ಅದಕ್ಕಾಗಿಯೇ ಸಂಬಳ ಸಿಗಲಿ. ಇವು ದುಬಾರಿ ಕೆಲಸಗಳು, ಒಂದು ಚುನಾವಣೆಯ ಅವಧಿಯಲ್ಲಿ ಮುಗಿಯುವಂಥವಲ್ಲ. ಆದರೆ ಪ್ರತಿಮೆ, ಘೋಷಣೆ, ನಾಮಫಲಕಗಳಿಂದ ಆಗದದ್ದು ಇವುಗಳಿಂದ ಆದೀತು. ತಮಿಳರು ತಮ್ಮ ಭಾಷೆಗೆ ಕೊಟ್ಟ ಪ್ರೀತಿಯನ್ನು ನಾವು ಈಗಾಗಲೇ ಸಾಕಷ್ಟು ಹೊಗಳಿದ್ದೇವೆ. ಅವರ ಅನುಭವದಿಂದ ನಿಜವಾಗಿ ಕಲಿಯಬೇಕಾದದ್ದು, ಅಷ್ಟು ದೊಡ್ಡ ಪ್ರೀತಿಯೂ ಒಂಟಿಯಾಗಿ ಒಂದು ಮಗುವನ್ನು ತನ್ನ ಭಾಷೆಯ ಶಾಲೆಯಲ್ಲಿ ಉಳಿಸಿಕೊಳ್ಳಲಾರದು ಎಂಬುದನ್ನು.