ಮಿತಭಾಷಿಯ ಅರಿಕೆ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿರುವೆವು. ಆದರೂ ಮೌನವಾಗಿರುವ ಹುಡುಗಿಯನ್ನು ಕಂಡರೆ ಅವಳಲ್ಲಿ ಏನೋ ಕೊರತೆಯುಂಟೆಂದು ಜನರು ಎಣಿಸುವುದೇ ಹೆಚ್ಚು. ನಾನು ಅಂತಹ ಹುಡುಗಿಯರಲ್ಲೊಬ್ಬಳು. ವಿರಾಮದ ಗಂಟೆ ಹೊಡೆದೊಡನೆ ಸಹಪಾಠಿನಿಯರು ಆಟದ ಬಯಲಿಗೆ ಓಡಿದರೆ, ನಾನು ಪುಸ್ತಕ ಭಂಡಾರದ ಕಿಟಕಿಯ ಬಳಿ ಕುಳಿತಿರುತ್ತಿದ್ದೆನು. ಕೆಲವರು ನನ್ನನ್ನು ಗರ್ವಿಷ್ಠೆಯೆಂದರು, ಕೆಲವರು ಅಂಜುಬುರುಕಿಯೆಂದರು. ಎರಡೂ ನಿಜವಲ್ಲ. ಮನಶ್ಶಾಸ್ತ್ರಜ್ಞರಾದ ಕಾರ್ಲ್ ಯೂಂಗ್ ಎಂಬವರು 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಂತರ್ಮುಖ, ಬಹಿರ್ಮುಖ ಎಂಬ ಎರಡು ಸ್ವಭಾವಗಳನ್ನು ವಿವರಿಸಿದರು. ಒಂದು ರೋಗ, ಇನ್ನೊಂದು ಆರೋಗ್ಯ ಎಂಬುದಿಲ್ಲ. ಇದನ್ನು ತಿಳಿದ ಮೇಲೆ ನಾನು ನನ್ನ ಸ್ವಭಾವವನ್ನು ಸಂತೋಷದಿಂದಲೇ ಸ್ವೀಕರಿಸಿದೆನು.

ಕೈಗೆ ಫೋನು ಬಂದಾಗ ನಮ್ಮಂಥವರಿಗೆ ಅದು ವರವೆಂದು ತೋರಿತು. ಎದುರಿಗೆ ನಿಂತು ಮಾತನಾಡಬೇಕಾಗಿಲ್ಲ. ಯೋಚಿಸಿ, ಬರೆದು, ತಿದ್ದಿ ಕಳುಹಿಸಬಹುದು. ಈ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದನ್ನು ಒದಗಿಸುವ ದೊಡ್ಡ ಕಂಪೆನಿಗಳನ್ನು ಎಷ್ಟರ ಮಟ್ಟಿಗೆ ನಂಬತಕ್ಕದ್ದು? ಗೆಳತಿಯೂ ನಮ್ಮ ಮಾತನ್ನು ಆಲಿಸುವಳು, ವರ್ತಕನೂ ಆಲಿಸುವನು. ಗೆಳತಿ ಅದನ್ನು ಮನಸ್ಸಿನಲ್ಲಿಡುವಳು, ವರ್ತಕನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವನು. ನಾವು ಯಾವ ಚಿತ್ರವನ್ನು ಎಷ್ಟು ಹೊತ್ತು ನೋಡಿದೆವೆಂಬುದು ಸಹ ಆ ಲೆಕ್ಕಕ್ಕೆ ಸೇರುವುದುಂಟು. ಜಾಹೀರಾತಿನ ಆದಾಯಕ್ಕೆ ಅದೇ ಆಧಾರ.

ಬಾಯಿ ಮುಚ್ಚಿಕೊಂಡಿರುವವಳಿಗೆ ಭಯವೇನೆಂದು ಕೇಳಬಹುದು. 2018ರಲ್ಲಿ ಬಯಲಾದ ಸಂಗತಿಯೇ ಇದಕ್ಕೆ ಉತ್ತರ. ಸ್ವಭಾವವನ್ನು ಅಳೆಯುವ ಪ್ರಶ್ನಾವಳಿಯೊಂದಕ್ಕೆ ಫೇಸ್‌ಬುಕ್ಕಿನ ಸುಮಾರು ಮೂರು ಲಕ್ಷ ಬಳಕೆದಾರರು ಉತ್ತರ ಕೊಟ್ಟಿದ್ದರು. ಅಂದಿನ ಏರ್ಪಾಡಿನಂತೆ ಅವರ ಮಿತ್ರರ ವಿವರಗಳೂ ಅದರೊಡನೆ ಹೋದುವು. ಹೀಗೆ 8 ಕೋಟಿ 70 ಲಕ್ಷ ಜನರವರೆಗಿನ ವಿವರಗಳು ಕೇಂಬ್ರಿಜ್ ಅನಲಿಟಿಕ ಎಂಬ ಚುನಾವಣಾ ಸಲಹೆಯ ಕಂಪೆನಿಯ ಕೈಸೇರಿರಬಹುದೆಂದು ಫೇಸ್‌ಬುಕ್ಕೇ ಹೇಳಿತು. ಅವರಲ್ಲಿ ಬಹುಮಂದಿ ಒಂದು ಪ್ರಶ್ನೆಗೂ ಉತ್ತರ ಕೊಟ್ಟವರಲ್ಲ. ಮಾತುಗಾತಿಯ ಬಾಯಿಂದ ಮೌನಿಯ ಗುಟ್ಟು ಹೊರಬಿದ್ದಂತಾಯಿತು.

ಆದುದರಿಂದ ಒಬ್ಬಳ ಮೌನವನ್ನು ಅವಳೊಬ್ಬಳೇ ಕಾಯಲಾರಳು. ಅದಕ್ಕೆ ಕಾನೂನಿನ ಬಲ ಬೇಕು. ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರು ಏಕಾಭಿಪ್ರಾಯದಿಂದ ತೀರ್ಪಿತ್ತರು. ಆಧಾರ್ ವಿಷಯವಾಗಿ 2012ರಲ್ಲಿ ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ ಎಂಬತ್ತು ದಾಟಿತ್ತು. ಹಕ್ಕನ್ನು ಕೇಳಲು ವಯಸ್ಸಾಗಲಿ ಗಟ್ಟಿ ಕಂಠವಾಗಲಿ ಮುಖ್ಯವಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಕಾನೂನಿಗಿಂತಲೂ ಹತ್ತಿರವಾದುದು ಸ್ನೇಹ. ಪ್ರಿಯ ಸೋದರಿಯರೇ, ನಮ್ಮ ತರಗತಿಯ ಹಳೆಯ ಚಿತ್ರವನ್ನು ಲೋಕಕ್ಕೆಲ್ಲ ತೋರಿಸುವ ಮುನ್ನ ಅದರಲ್ಲಿರುವವರನ್ನು ಒಂದು ಮಾತು ಕೇಳಿರಿ. ನಿಮ್ಮ ಫೋನಿನಲ್ಲಿರುವ ಹೆಸರು, ನಂಬರುಗಳನ್ನು ಯಾವುದಾದರೊಂದು ಕಂಪೆನಿ ಬೇಡಿದಾಗ ಅವು ನಿಮ್ಮವು ಮಾತ್ರವಲ್ಲವೆಂಬುದನ್ನು ನೆನೆಯಿರಿ. ತಾಯಿತಂದೆಗಳಲ್ಲಿಯೂ ನನ್ನದೊಂದು ವಿಜ್ಞಾಪನೆ: ನಿಮ್ಮ ಮಗಳು ಒಬ್ಬಳೇ ಕುಳಿತಿದ್ದರೆ ಬೇಸರ ಕಳೆಯಲೆಂದು ಕೂಡಲೇ ಅವಳ ಕೈಗೆ ಫೋನು ಕೊಡಬೇಡಿರಿ. ಅವಳು ಬೇಸರಗೊಂಡಿಲ್ಲದಿರಬಹುದು, ಯೋಚಿಸುತ್ತಿರಬಹುದು. ಆ ಯೋಚನೆ ಯಾವ ಕಂಪೆನಿಯ ಲೆಕ್ಕಕ್ಕೂ ಸಿಕ್ಕದೆ, ಪಕ್ವವಾಗುವವರೆಗೆ ಅವಳಲ್ಲಿಯೇ ಇರಲಿ.